ಚಕ್ಕೋತದ ತೋಟದ ಮುಂದೆ ಚಂದ್ರಿ ನಿಂತುಬಿಟ್ಟಳು

ಇದು 1991ರ ಮಾತು. ನಾನು ಹೊಸಕೋಟೆ ಕಡೆಯಿಂದ ದೇವನಹಳ್ಳಿ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ಸಲ ದೀಪಾವಳಿ ಕಳೆದ ವಾರ, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಎದುರು ಯಜಮಾನರು ಬಂದು ನಿಂತು, "ಭಾಗ್ಯ, ನಾನು ಚಂದ್ರಿ ಮೇಲೆ ಕೂತ್ಕೊಂಡು ನಲವತ್ತು ಕಿಲೋಮೀಟರ್ ಹೋಗ್ಬೇಕು. ನೀನೂ ನನ್ ಜೊತೆ ಸೇರ್ಕೋಬೇಕು" ಎಂದರು. ನನ್ನ ಕೈಲಿದ್ದ ಚೊಂಬು ಜಾರಿ ಬಿತ್ತು. ಕುದುರೆ ಮೇಲೆ ನನ್ನನ್ನೂ ಕೂರಿಸುತ್ತಾರೇನೋ ಎಂದುಕೊಂಡಿದ್ದೆ.

ಚಂದ್ರಿ ನಮ್ಮ ಮನೆಯ ಕುದುರೆ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ನಮ್ಮ ಮಾವ ಅಲ್ಲೇ ಪಕ್ಕದ ವಿಜಯಪುರಕ್ಕೂ ದೇವನಹಳ್ಳಿಗೂ ಜಟಕಾ ಓಡಿಸುತ್ತಿದ್ದವರು. ನಾನು ಬರುವ ಹೊತ್ತಿಗೆ ಜಟಕಾ ನಿಂತು ಹೋಗಿತ್ತು. ಮನೆಯ ಹಿಂದೆ ಟಾರ್ಪಾಲಿನ ಕೆಳಗಿದ್ದ ಅದರೊಳಗೆ ನಮ್ಮ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಯಾಕೆ ನಿಲ್ಲಿಸಿದರು ಎಂದು ಯಾರನ್ನು ಕೇಳಿದರೂ, "ಬಸ್ಸು, ಆಟೋ ಎಲ್ಲಾ ಬಂದ್ವಲ್ಲಮ್ಮ, ಜಟಕಾ ಯಾರು ಹತ್ತಾರೆ?" ಎನ್ನುತ್ತಿದ್ದರು. ಸರಿ ತಾನೇ ಎಂದು ನಾನೂ ಸುಮ್ಮನಿದ್ದೆ.

ಕೆಲಸವಿಲ್ಲದ ಕುದುರೆಯನ್ನು ಹೊಸೂರು ಕಡೆಯ ದಲ್ಲಾಳಿಯೊಬ್ಬರಿಗೆ ಕೊಟ್ಟುಬಿಡುವುದಾಗಿ ಮಾವ ಮಾತು ಕೊಟ್ಟಿದ್ದರು. ಯಜಮಾನರಿಗೆ ಅದು ಕೇಳಿ ತಲೆ ಕೆಟ್ಟುಹೋಗಿತ್ತು. ಅವರು ನಮ್ಮೂರ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದರು. ಕುದುರೆ ಜೊತೆಯಲ್ಲೇ ಬೆಳೆದವರು. "ಆ ದಲ್ಲಾಳಿ ಕೈಗೆ ಹೋದ್ರೆ ಚಂದ್ರಿ ಎಲ್ಲಿಗೆ ಹೋಗ್ತಾಳೆ, ಏನಾಗ್ತಾಳೆ ಅಂತ ಯಾರಿಗೂ ಗೊತ್ತಾಗಲ್ಲ ಕಣಪ್ಪಾ" ಎಂದು ಅಪ್ಪನ ಮುಂದೆ ಕಿರುಚಾಡಿದರು. ಮಾವ ಮಾತ್ರ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕೂತರು.

ನಮ್ಮೂರಿಗೆ ಹತ್ತಿರದಲ್ಲೇ, ವಿಜಯಪುರದ ರಸ್ತೆಯ ಪಕ್ಕ, ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಮೇಜರ್ ಸಾಹೇಬರ ತೋಟವಿತ್ತು. ಅಲ್ಲಿ ನಾಲ್ಕಾರು ಕುದುರೆ ಸಾಕಿದ್ದರು. ಬೆಂಗಳೂರಿನ ಸ್ನೇಹಿತರನ್ನೆಲ್ಲ ಸೇರಿಸಿ ಧನುರ್ಮಾಸದ ಒಂದು ಭಾನುವಾರ ಕುದುರೆಗಳ ದೂರದ ಪಯಣ ಇಟ್ಟುಕೊಂಡಿದ್ದರು. ಯಜಮಾನರು ಹೋಗಿ ಅವರ ಮುಂದೆ ಗೋಳು ಹೇಳಿಕೊಂಡರು. ಸಾಹೇಬರು ಚಂದ್ರಿಯ ಕಾಲು, ಬಾಯಿ ಎಲ್ಲ ನೋಡಿ, "ಈ ನಲವತ್ತು ಕಿಲೋಮೀಟರ್ ಮುಗಿಸಿ ಗಟ್ಟಿಯಾಗಿ ನಿಂತ್ರೆ ಇವಳನ್ನ ನಾನೇ ಇಟ್ಕೋತೀನಿ. ಕೊನೇವರೆಗೂ ಸಾಕ್ತೀನಿ. ನೀನು ದಿನಾ ಬಂದು ನೋಡ್ಕೊಂಡು ಹೋಗು. ಮುಗಿಸ್ಲಿಲ್ಲ ಅಂದ್ರೆ ನನ್ನ ಕೇಳ್ಬೇಡ" ಎಂದರು. ಮಾವನೂ, "ಯಾರಾದ್ರೂ ಇಟ್ಕೊಳ್ಲಿ, ನನ್ ಕಣ್ಮುಂದೆ ಇರ್ಬಾರ್ದು ಅಷ್ಟೆ" ಎಂದು ಒಪ್ಪಿದರು. ಹೊತ್ತು ಹೊತ್ತಿಗೆ ಹುಲ್ಲು ಹಾಕುವವರೇ ಅವರು. ಬಾಯಲ್ಲಿ ಮಾತ್ರ ಇಂಥ ಮಾತು. ನನಗಂತೂ ಏನೂ ಅರ್ಥವಾಗಲಿಲ್ಲ.

ಪಯಣದ ನಿಯಮ ಕೇಳಿದ ಮೇಲೆ ಇನ್ನೂ ಗೊಂದಲವಾಯಿತು. ಸಾಹೇಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ದಾರಿಯಲ್ಲಿ ಡಾಕ್ಟರು ಕುದುರೆಯ ಎದೆಬಡಿತ ನೋಡುತ್ತಾರೆ. ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೂ ಬಡಿತ ಇಳಿಯದಿದ್ದರೆ ಹೊರಗೆ. ಕುಂಟಿದರೆ ಹೊರಗೆ. ಹೊಡೆದರೆ ಹೊರಗೆ, ಹಿಂದಿನಿಂದ ತಳ್ಳಿದರೆ ಹೊರಗೆ. ಗುರುತು ಹಾಕಿದ ದಾರಿ ಬಿಟ್ಟರೆ ಹೊರಗೆ. ಮಧ್ಯಾಹ್ನ ಇಂಥ ಹೊತ್ತಿಗೆ ಬರದಿದ್ದರೂ ಹೊರಗೆ.

"ಹಾಗಾದ್ರೆ ಗೆಲ್ಲೋದು ಯಾರು ಸಾರ್?" ಎಂದೆ.

"ಮುಗಿಸಿದವರೆಲ್ಲ ಗೆದ್ದ ಹಾಗೇ ಅಮ್ಮ."

"ಎಲ್ಲಾರೂ ಗೆದ್ರೆ ಸೋಲೋರು ಯಾರು ಮತ್ತೆ?"

ಸಾಹೇಬರು ನಕ್ಕರು. ಯಜಮಾನರು ನನ್ನ ಕಾಲು ತುಳಿದರು. ಕೇಳಿದ್ದರಲ್ಲಿ ತಪ್ಪೇನಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ಮಾರನೇ ದಿನದಿಂದ ತಯಾರಿ ಶುರುವಾಯಿತು. ಬೆಳಗಿನ ಹಾಲು ಅಳೆದು ಮುಗಿಸಿ ಬಂದ ಕೂಡಲೇ ಯಜಮಾನರು ಕುದುರೆ ಹಿಡಿದು ಹೊರಡುತ್ತಿದ್ದರು. ಮೊದಲು ಬರೀ ನಡಿಗೆ. ಅದೂ ಕುದುರೆ ಮೇಲೆ ಕೂತಲ್ಲ, ಪಕ್ಕದಲ್ಲಿ ಹಗ್ಗ ಹಿಡಿದುಕೊಂಡು. ಜಟಕಾ ಎಳೆದು ಅಭ್ಯಾಸವಿದ್ದ ಚಂದ್ರಿಗೆ ಬೆನ್ನ ಮೇಲೆ ಜೀನು ಹಾಕಿಸಿಕೊಂಡು ಗೊತ್ತಿರಲಿಲ್ಲ. ಸಾಹೇಬರು ಕೊಟ್ಟ ಹಳೇ ಜೀನು ಕಟ್ಟಿದರೆ ತಿರುಗಿ ತಿರುಗಿ ನೋಡುತ್ತಿದ್ದಳು. ಕೆರೆಯಂಗಳದಲ್ಲಿ ದನ ಮೇಯಿಸುತ್ತಿದ್ದವರು, "ಏನ್ ಗುರು, ನೀನು ಕುದುರೆ ಮೇಲೆ ಕೂರ್ತೀಯೋ, ಇಲ್ಲಾ ಅದನ್ನೇ ನಿನ್ ಮೇಲೆ ಕೂರಿಸ್ಕೊಂತೀಯೋ?" ಎಂದು ರೇಗಿಸುತ್ತಿದ್ದರು.

ಆಮೇಲೆ ಸ್ವಲ್ಪ ನಡಿಗೆ, ಸ್ವಲ್ಪ ಸಣ್ಣ ಓಟ. ದಿನ ಕಳೆದ ಹಾಗೆ ಓಟ ಹೆಚ್ಚಿತು, ನಡಿಗೆ ಕಡಿಮೆಯಾಯಿತು. ಆವತಿ ಕಡೆಯ ಏರು ಬಂದರೆ ಇಳಿದು ಪಕ್ಕದಲ್ಲಿ ನಡೆಯಬೇಕು. ಗಡಿಯಾರ ನೋಡಿಕೊಂಡು ಒಂದೇ ಹದದಲ್ಲಿ ಹೋಗಬೇಕು. "ಮೊದಲು ಜೋರಾಗಿ ಓಡಿಸಿದ್ಯೋ, ಆಮೇಲೆ ಅವಳು ನಿನ್ನ ಕೇಳಲ್ಲ" ಎಂದು ಸಾಹೇಬರು ದಿನವೂ ಹೇಳುತ್ತಿದ್ದರು. ನಮ್ಮ ಕಡೆ ಎತ್ತಿನ ಗಾಡಿ ಓಡಿಸುವ ಹುಡುಗರನ್ನು ನೋಡಿದ್ದ ನನಗೆ ಇದು ಯಾವ ಸೀಮೆಯ ಪಂದ್ಯವೋ ಎನಿಸುತ್ತಿತ್ತು. ಮೊದಮೊದಲು ಯಜಮಾನರು ಮನೆಗೆ ಬಂದು ಕೂರಲಾಗದೆ ನಿಂತೇ ಮುದ್ದೆ ಉಣ್ಣುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಆರೈಕೆ. ಹುರುಳಿ ಬೇಯಿಸುವುದು, ಬೂಸಾ ಕಲಸುವುದು, ಕುದುರೆಮಸಾಲೆ ಎನ್ನುವ ಮೇವಿನ ಸೊಪ್ಪು ಕೊಯ್ದು ತರುವುದು, ಓಡಿ ಬಂದ ಮೇಲೆ ಕತ್ತಿಗೆ, ಕಾಲಿಗೆ ನೀರು ಸುರಿದು ಒರೆಸುವುದು, ಬೆಲ್ಲ ಉಪ್ಪು ಹಾಕಿದ ನೀರು ಕುಡಿಸುವುದು. ಎಲ್ಲಕ್ಕಿಂತ ಕಷ್ಟದ್ದು ಬಡಿತ ನೋಡುವುದು. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ ಎಂದು ಸಾಹೇಬರು ತೋರಿಸಿಕೊಟ್ಟಿದ್ದರು. ಮೊದಲ ಸಲ ಇಟ್ಟಾಗ ಡಬ ಡಬ ಎಂದು ಹೊಡೆದುಕೊಳ್ಳುತ್ತಿತ್ತು. "ಅಯ್ಯಯ್ಯೋ, ಕುದುರೆ ಸಾಯ್ತಾ ಐತೆ ರೀ!" ಎಂದು ಕೂಗಿದೆ. ಯಜಮಾನರು ಬೆರಳಿಟ್ಟು ನೋಡಿ, "ಅವಳ್ದು ನೆಟ್ಟಗೈತೆ ಕಣೇ, ಹೊಡ್ಕೊಳ್ತಿರೋದು ನಿಂದೇ" ಎಂದರು. ಕುದುರೆ ಎಂದರೆ ನನಗೆ ಅಷ್ಟು ಭಯ. ಆದರೆ ಎಷ್ಟೋ ದಿನದ ಮೇಲೆ ಚಂದ್ರಿ ನನ್ನ ಹೆಗಲ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿ ನಿಂತಳು ನೋಡಿ, ಆವತ್ತು ನನ್ನ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಇವಳನ್ನು ದಲ್ಲಾಳಿಗೆ ಕೊಡಲು ಬಿಡಬಾರದು ಎಂದು ನಾನೂ ಹಟ ಹಿಡಿದೆ.

ಮಾವ ಈ ಯಾವುದಕ್ಕೂ ತಲೆ ಹಾಕುತ್ತಿರಲಿಲ್ಲ. ಹಾಗೆಂದು ನಾನು ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಕಸ ಗುಡಿಸಲು ಎದ್ದವಳು ನೋಡುತ್ತೇನೆ, ಮಾವ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಸಿನೀರಲ್ಲಿ ಚಂದ್ರಿಯ ಕಾಲು ತಿಕ್ಕುತ್ತಿದ್ದಾರೆ. ನನ್ನನ್ನು ಕಂಡ ಕೂಡಲೇ ಎದ್ದು, ಏನೋ ಕದಿಯಲು ಬಂದವರ ಹಾಗೆ ಪಂಚೆಗೆ ಕೈ ಒರೆಸಿಕೊಂಡರು. "ಎಲ್ಲಿಗಾದ್ರೂ ಓಡಿಸ್ಕೊಳ್ಳಿ. ವಿಜಯಪುರದ ರಸ್ತೆಗೆ ಮಾತ್ರ ಇದನ್ನ ತಗೊಂಡೋಗ್ಬೇಡಿ ಅಂತ ನಿನ್ ಗಂಡನಿಗೆ ಹೇಳು" ಎಂದರು.

"ಯಾಕೆ ಮಾವ?"

"ಬೇಡ ಅಂದ್ರೆ ಬೇಡ ಕಣಮ್ಮ."

ಲಾರಿಗಳ ಕಾಟಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ. ಯಜಮಾನರಿಗೂ ಹಾಗೇ ಅನಿಸಿತು. ಡಾಂಬರು ಕುದುರೆಯ ಗೊರಸಿಗೆ ಒಳ್ಳೆಯದಲ್ಲ, ಮೆತ್ತನೆ ಮಣ್ಣಲ್ಲೇ ಅಭ್ಯಾಸ ಮಾಡು ಎಂದು ಸಾಹೇಬರೂ ಹೇಳಿದ್ದರಿಂದ ನಾವು ಆ ರಸ್ತೆಯ ಕಡೆ ಹೋಗಲೇ ಇಲ್ಲ. ಸಾಹೇಬರ ತೋಟಕ್ಕೂ ಹಿಂದಿನ ಹೊಲದ ದಾರಿಯಲ್ಲೇ ಹೋಗುತ್ತಿದ್ದೆವು.

ಆ ಭಾನುವಾರ ಬಂತು. ಮಂಜು ಮುಸುಕಿತ್ತು. ಸಾಹೇಬರ ತೋಟದಲ್ಲಿ ಬೆಂಗಳೂರಿನಿಂದ ಬಂದ ಎತ್ತರದ ಕುದುರೆಗಳು ಮೈ ಮಿರಮಿರ ಮಿಂಚುತ್ತ ನಿಂತಿದ್ದವು. ಅವುಗಳ ನಡುವೆ ನಮ್ಮ ಚಂದ್ರಿ, ಮದುವೆ ಮನೆಗೆ ಹಳೇ ಸೀರೆಯಲ್ಲಿ ಹೋದವಳ ಹಾಗೆ ಕಾಣುತ್ತಿದ್ದಳು. ನನಗೆ ಕೋಪ ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಅವಳ ಹಣೆಗೆ ಒಂದಿಷ್ಟು ಕುಂಕುಮ ಇಟ್ಟು, "ಯಾರನ್ನೂ ನೋಡ್ಬೇಡ, ನಿನ್ ಪಾಡಿಗೆ ನೀನು ಹೋಗು" ಎಂದು ಕಿವಿಯಲ್ಲಿ ಹೇಳಿದೆ. ಮಾವ ಬಂದಿರಲಿಲ್ಲ.

ಹೊರಟ ಕೂಡಲೇ ಉಳಿದ ಕುದುರೆಗಳು ಧೂಳೆಬ್ಬಿಸಿಕೊಂಡು ಮಾಯವಾದವು. ನಮ್ಮವರು ಗಡಿಯಾರ ನೋಡಿಕೊಂಡು ಸಣ್ಣ ಓಟದಲ್ಲಿ ಹೊರಟರು. ನಾನು ಬಕೆಟ್, ಬಟ್ಟೆ, ಬೆಲ್ಲದ ನೀರಿನ ಕ್ಯಾನು ಇಟ್ಟುಕೊಂಡು ಸಾಹೇಬರ ಜೀಪಿನಲ್ಲಿ ಹಿಂದೆ ಕೂತೆ. ಆವತಿ ಬೆಟ್ಟದ ಬುಡ ಬಳಸಿ, ಕೆರೆಯಂಗಳಗಳ ಮೇಲೆ ವಿಜಯಪುರದ ಹತ್ತಿರಕ್ಕೆ ಹೋಗುವುದು, ಅಲ್ಲಿಂದ ನಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣದ ಕಡೆಯ ಹೊಲದ ದಾರಿಯಲ್ಲಿ ವಾಪಸ್ ತೋಟಕ್ಕೆ ಬರುವುದು ಎಂದು ಗುರುತು ಹಾಕಿದ್ದರು.

ವಿಜಯಪುರದ ಹತ್ತಿರದ ಮಾವಿನ ತೋಪಿನಲ್ಲಿ ತಪಾಸಣೆ. ಬೆಂಗಳೂರಿನಿಂದ ಬಂದಿದ್ದ ಡಾಕ್ಟರಮ್ಮ ಕುದುರೆಯ ಎದೆಗೆ, ಹೊಟ್ಟೆಗೆ ಕೊಳವೆ ಇಟ್ಟು ಕೇಳುತ್ತಿದ್ದರು. ಜೋರಾಗಿ ಬಂದಿದ್ದ ಎರಡು ಕುದುರೆಗಳು ಎಷ್ಟು ನೀರು ಸುರಿದರೂ ಏದುಸಿರು ಬಿಡುತ್ತಲೇ ಇದ್ದವು. ಅವುಗಳನ್ನು ಅಲ್ಲಿಗೇ ನಿಲ್ಲಿಸಿದರು. ಚಂದ್ರಿಗೆ ನಾನು ನೀರು ಸುರಿದು, ಒರೆಸಿ, ಬಕೆಟ್ ಹಿಡಿದು ನಿಂತೆ. ಡಾಕ್ಟರಮ್ಮ ಕೇಳಿ, "ತುಂಬಾ ಚೆನ್ನಾಗಿದೆ, ಕರ್ಕೊಂಡು ಹೋಗಿ" ಎಂದರು. ಯಜಮಾನರು ನನ್ನ ಮುಖ ನೋಡಿ ಹಲ್ಲು ಬಿಟ್ಟರು. ಆಗಲೇ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಚಂದ್ರಿ ಸಾಹೇಬರ ತೋಟ ಸೇರಿದಂತೆಯೇ ಎಂದು ನಾವಿಬ್ಬರೂ ಅಂದುಕೊಂಡೆವು.

ಆಗ ಸಾಹೇಬರ ಕಡೆಯ ಒಬ್ಬರು ಬೈಕಿನಲ್ಲಿ ಬಂದರು. ಹೊಲದ ದಾರಿಯಲ್ಲಿ ಯಾರದೋ ದ್ರಾಕ್ಷಿ ತೋಟದ ನೀರಿನ ತೊಟ್ಟಿ ಒಡೆದು ದಾರಿಯೆಲ್ಲ ಮೊಣಕಾಲುದ್ದ ಕೆಸರಾಗಿದೆಯಂತೆ. "ಕುದುರೆ ಕಾಲು ಉಳುಕುತ್ತೆ. ವಾಪಸ್ ವಿಜಯಪುರದ ರಸ್ತೆಯ ಪಕ್ಕದಲ್ಲೇ ಬನ್ನಿ, ಇದೇ ಈಗಿನ ದಾರಿ" ಎಂದು ಸಾಹೇಬರು ಎಲ್ಲರಿಗೂ ಹೇಳಿದರು. ನನಗೆ ಮಾವನ ಮಾತು ನೆನಪಾಯಿತು. ಯಜಮಾನರಿಗೂ ಆಯಿತು. ಆದರೆ ಮಾಡುವುದೇನು? ದಾರಿ ಬಿಟ್ಟರೆ ಹೊರಗೆ. "ಮಣ್ಣಿನ ಮೇಲೇ ಹೋಗ್ತೀನಿ ಬಿಡೇ, ಲಾರಿ ಏನು ಮಾಡುತ್ತೆ" ಎಂದು ಹೊರಟರು.

ವಿಜಯಪುರದ ಬಸ್ ಸ್ಟ್ಯಾಂಡ್ ಬಂತು. ಚಂದ್ರಿ ಗಕ್ಕನೆ ನಿಂತಳು.

ಜೀಪಿನಲ್ಲಿದ್ದ ನಾನು ಹೊರಕ್ಕೆ ಬಗ್ಗಿ ನೋಡಿದೆ. ಕಾಲಿಗೆ ಏನಾಯಿತೋ! ಯಜಮಾನರು ಲಗಾಮು ಸಡಿಲ ಬಿಟ್ಟರು, ಕಾಲಲ್ಲಿ ಒತ್ತಿದರು, ಮುದ್ದು ಮಾಡಿದರು. ಊಹೂಂ. ಕಡೆಗೆ ಗೊರಸು ನೋಡಲೆಂದು ಕೆಳಗಿಳಿದರು. ಏನೂ ಆಗಿರಲಿಲ್ಲ. ಮತ್ತೆ ಹತ್ತಿ ಕೂತರು. ಕೂತದ್ದೇ ತಡ, ಚಂದ್ರಿ ಏನೂ ಆಗದವಳಂತೆ ಹೊರಟಳು.

ಸ್ವಲ್ಪ ದೂರ ಹೋದ ಮೇಲೆ ಒಂದು ಅರಳಿಕಟ್ಟೆ. ಅಲ್ಲೂ ನಿಂತಳು. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಕಣ್ಣು ಕಿರಿದು ಮಾಡಿ ನೋಡಿ, "ಏನ್ಲಾ ಮುನಿರಾಜ, ಚಂದ್ರಿ ಅಲ್ವೇನೋ ಇದು? ಜಟಕಾ ಎಲ್ಲೋಯ್ತು? ನಾನೆಲ್ಲಿ ಕೂರ್ಲಿ?" ಎಂದು ಯಜಮಾನರನ್ನು ಕೇಳಿ, ಚೀಲ ಹಿಡಿದು ಎದ್ದೇ ಬಿಟ್ಟರು.

ಯಜಮಾನರು ಹಣೆ ಹಣೆ ಚಚ್ಚಿಕೊಂಡರು. ಆಗ ಅವರಿಗೆ ಹೊಳೆಯಿತು. ಜಟಕಾ ನಿಲ್ಲುತ್ತಿದ್ದ ಕಡೆಯೆಲ್ಲ ಚಂದ್ರಿ ನಿಲ್ಲುತ್ತಿದ್ದಾಳೆ. ಯಾರಾದರೂ ಹತ್ತಿದ ಭಾರ ಬಿದ್ದ ಮೇಲೇ ಹೊರಡುವುದು ಅವಳ ಅಭ್ಯಾಸ. ಅಷ್ಟು ವರ್ಷ ಮಾಡಿದ ಕೆಲಸ, ಅವಳಿಗೆ ಪಂದ್ಯ ಏನು ಗೊತ್ತು?

ಅಲ್ಲಿಂದ ಮುಂದೆ ಯಜಮಾನರ ಪಾಡು ನೋಡಬೇಕಿತ್ತು. ಆಸ್ಪತ್ರೆ ಗೇಟು ಬಂತು, ಇಳಿ, ಹತ್ತು. ಮೋರಿ ಬಂತು, ಇಳಿ, ಹತ್ತು. ಬಸ್ಸಿನ ಕಿಟಕಿಯಿಂದ ಜನ ತಲೆ ಹೊರಗೆ ಹಾಕಿ ನಗುತ್ತಿದ್ದರು. ನನಗೆ ನಗು, ಅಳು ಎರಡೂ ಒಟ್ಟಿಗೆ ಬರುತ್ತಿದ್ದವು. ಸಾಹೇಬರು ಮಾತ್ರ, "ಒಳ್ಳೇದೇ ಆಯ್ತಮ್ಮ, ನಿಂತು ನಿಂತು ಬರೋದ್ರಿಂದ ಅವಳಿಗೆ ಆಯಾಸಾನೇ ಇಲ್ಲ" ಎಂದರು. ಆದರೆ ಗಡಿಯಾರ ನೋಡುವುದನ್ನು ಬಿಡಲಿಲ್ಲ.

ಹಾಗೂ ಹೀಗೂ ನಮ್ಮೂರ ಹತ್ತಿರ ಬಂದೆವು. ದೂರದಲ್ಲಿ ಸಾಹೇಬರ ತೋಟದ ಸರ್ವೆ ಮರಗಳು ಕಾಣುತ್ತಿದ್ದವು. ನಾನು ಜೀಪಿನಲ್ಲಿ ಅರ್ಧ ಎದ್ದು ನಿಂತು, "ಬಂತು ರೀ, ಬಂತು!" ಎಂದು ಕೂಗುತ್ತಿದ್ದೆ. ಅಲ್ಲಿ ರಸ್ತೆಯ ಎಡಕ್ಕೆ ಒಂದು ಹಳೇ ಚಕ್ಕೋತದ ತೋಟ, ಅದಕ್ಕೊಂದು ತುಕ್ಕು ಹಿಡಿದ ಗೇಟು. ಚಂದ್ರಿ ಆ ಗೇಟಿನ ಮುಂದೆ ನಿಂತುಬಿಟ್ಟಳು.

ಯಜಮಾನರು ನಗುತ್ತಲೇ ಇಳಿದರು, ಹತ್ತಿದರು. ಅವಳು ಕದಲಲಿಲ್ಲ. ಮತ್ತೆ ಇಳಿದರು, ಹತ್ತಿದರು. ಇಲ್ಲ. ಕುತ್ತಿಗೆ ಗೇಟಿನ ಕಡೆ ತಿರುಗಿಸಿ, ಕಿವಿ ಮುಂದೆ ಮಾಡಿಕೊಂಡು ನಿಂತೇ ಇದ್ದಳು. ನಾನು ಓಡಿ ಹೋಗಿ ದವಡೆಯ ಕೆಳಗೆ ಬೆರಳಿಟ್ಟೆ. ಬಡಿತ ಸರಿಯಾಗಿತ್ತು. ಕಾಲು ಸರಿಯಾಗಿತ್ತು. ಬೆಲ್ಲದ ನೀರು ಇಟ್ಟರೆ ಮೂಸಲೂ ಇಲ್ಲ. "ಇಲ್ಲಿ ಯಾಕೆ? ಇಲ್ಲಿ ಜಟಕಾ ನಿಲ್ತಿತ್ತೇನ್ರೀ?" ಎಂದೆ. "ಇಲ್ಲಿ ಯಾರು ಹತ್ತಾರೆ? ಇಲ್ಲೇನೂ ಸ್ಟಾಪ್ ಇರ್ಲಿಲ್ಲ ಕಣೇ" ಎಂದ ಯಜಮಾನರು ತಟ್ಟನೆ ಬಾಯಿ ಮುಚ್ಚಿದರು. ಅವರ ಮುಖದ ಬಣ್ಣ ಹೋಯಿತು. ಕೆಳಗಿಳಿದು, ಲಗಾಮು ಹಿಡಿದು ನೆಲ ನೋಡುತ್ತಾ ನಿಂತರು.

ಸಾಹೇಬರು ಜೀಪಿನಿಂದ ಇಳಿದು, "ಮುನಿರಾಜು, ಹೆಚ್ಚು ಹೊತ್ತಿಲ್ಲಪ್ಪ. ಹೊಡೆಯೋ ಹಾಗಿಲ್ಲ, ತಳ್ಳೋ ಹಾಗಿಲ್ಲ. ಬಾಯಲ್ಲಿ ಏನು ಬೇಕಾದ್ರೂ ಹೇಳಿ ಕರ್ಕೊಂಡು ಬಾ" ಎಂದರು.

ಅಷ್ಟರಲ್ಲಿ ರಸ್ತೆಯ ಆ ಕಡೆ ಮಾವ ಕಂಡರು. ಕುದುರೆಗಳು ರಸ್ತೆಯಲ್ಲಿ ಬರುತ್ತಿವೆ ಎಂದು ಯಾರೋ ಹೇಳಿರಬೇಕು, ಚಪ್ಪಲಿಯೂ ಇಲ್ಲದೆ ಓಡಿ ಬಂದಿದ್ದರು. ಆದರೆ ಹತ್ತಿರ ಬರಲಿಲ್ಲ. ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ದೂರದಲ್ಲೇ ನಿಂತರು. ನಾನೇ ಹೋಗಿ ಕೈ ಹಿಡಿದೆ.

"ಮಾವ, ಏನ್ ಮಾಡಿದ್ರೂ ಕದಲ್ತಿಲ್ಲ. ನೀವಾದ್ರೂ ಹೇಳಿ."

"ನಾನೇನ್ ಹೇಳ್ಲಮ್ಮ" ಎಂದರು. "ಅದು ನಿಮ್ಮತ್ತೆಗೆ ಕಾಯ್ತಾ ಐತೆ."

ನನಗೆ ಒಂದು ಕ್ಷಣ ತಿಳಿಯಲೇ ಇಲ್ಲ. ನಮ್ಮ ಅತ್ತೆಯನ್ನು ನಾನು ನೋಡಿದವಳಲ್ಲ. ನನ್ನ ಮದುವೆಗೆ ಮೊದಲೇ ಜ್ವರ ಬಂದು ತೀರಿಕೊಂಡಿದ್ದರು. ನಡುಮನೆಯಲ್ಲಿ ಒಂದು ಫೋಟೊ ಇತ್ತು, ಅದಕ್ಕೆ ದಿನಾ ಹೂವು ಇಡುತ್ತಿದ್ದೆ, ಅಷ್ಟೇ. ಆ ಮನೆಯಲ್ಲಿ ಯಾರೂ ಅವರ ಮಾತು ಎತ್ತುತ್ತಿರಲಿಲ್ಲ. ಎತ್ತಿದರೆ ಮಾವ ಎದ್ದು ಹೋಗುತ್ತಿದ್ದರು.

ಮಾವ ಹೇಳುತ್ತಾ ಹೋದರು. ಅತ್ತೆ ಈ ತೋಟದಲ್ಲಿ ಚಕ್ಕೋತದ ಹಣ್ಣು ತೆಗೆದುಕೊಂಡು ದೇವನಹಳ್ಳಿಯಲ್ಲಿ ಮಾರುತ್ತಿದ್ದರಂತೆ. ಜಟಕಾ ವಿಜಯಪುರದಿಂದ ಬರುವ ಹೊತ್ತಿಗೆ ಬುಟ್ಟಿ ಹಿಡಿದು ಈ ಗೇಟಿನಲ್ಲಿ ನಿಂತಿರುತ್ತಿದ್ದರು. ಚಂದ್ರಿಗೆ ಒಂದು ಚೂರು ಸಿಪ್ಪೆ ತಿನ್ನಿಸಿ, ಕುತ್ತಿಗೆ ಸವರಿ, ಆಮೇಲೆ ಹತ್ತುತ್ತಿದ್ದರು.

"ಅವ್ಳು ಹೋದ ಮೇಲೂ ಇದು ದಿನಾ ಇಲ್ಲೇ ನಿಲ್ತಿತ್ತು ಕಣಮ್ಮ. ಹಿಂದೆ ಕೂತೋರು ಬೈಯ್ಯೋರು, ಇಳ್ದು ಬಸ್ಸು ಹತ್ತೋರು. ನಾನು ಕೆಳಗಿಳ್ದು ಜಟಕಾ ಹಿಂದಕ್ಕೆ ತಿರುಗಿಸ್ಕೊಂಡು ಸುತ್ತುದಾರೀಲಿ ಹೋಗ್ತಿದ್ದೆ. ದಿನಾ ಇದೇ ಆದ್ರೆ ಎಂಗಮ್ಮ? ಬಸ್ಸು ಬಂತು ಅಂತ ಬಿಟ್ಟೆ ಅಂದ್ಕೊಂಡ್ರು ಎಲ್ಲಾರೂ. ಬಸ್ಸು ನನ್ನೇನ್ ಮಾಡ್ತಿತ್ತು? ಈ ಮೂಕಪ್ರಾಣಿ ಮುಖ ನೋಡೋಕಾಗ್ದೆ ಬಿಟ್ಟೆ."

ನನಗೆ ಏನಾಯಿತೋ ಗೊತ್ತಿಲ್ಲ. ಸಿಟ್ಟು ಬಂತು. ಮಾವನ ಮೇಲೋ, ಕುದುರೆಯ ಮೇಲೋ, ಒಂದು ಮಾತೂ ಹೇಳದೆ ಬಾಯಿ ಹೊಲಿದುಕೊಂಡು ಕೂತಿದ್ದ ಆ ಮನೆಯ ಮೇಲೋ. ನೇರ ಹೋಗಿ ಚಂದ್ರಿಯ ಮುಂದೆ ನಿಂತು ಕೂಗಿಬಿಟ್ಟೆ.

"ಅತ್ತೆ ಬರಲ್ಲ ಕಣೇ! ಅವ್ರು ಸತ್ತೋಗವ್ರೆ! ನೀನಿಲ್ಲಿ ಎಷ್ಟೊತ್ತು ನಿಂತ್ರೂ ಅವ್ರು ಬರಲ್ಲ. ಈಗ ನೀನು ನಡೀಲಿಲ್ಲ ಅಂದ್ರೆ ನೀನೂ ಇರಲ್ಲ ನಮ್ಗೆ! ಹೋಗ್ಬಿಡ್ತೀಯಾ ಎಲ್ಲಿಗೋ! ನಿಂಗೆ ಅರ್ಥ ಆಗಲ್ವಾ?"

ಕುದುರೆಗೆ ಕನ್ನಡ ಬರುತ್ತದೆಯೇ? ಕೂಗುತ್ತಾ ಕೂಗುತ್ತಾ ನನಗೇ ಅಳು ಬಂತು. ನೋಡೇ ಇರದ ಅತ್ತೆಗಾಗಿ ನಾನು ನಡುರಸ್ತೆಯಲ್ಲಿ ನಿಂತು ಅಳುತ್ತಿದ್ದೆ. ಯಜಮಾನರು ಜೀನಿಗೆ ಮುಖ ಒತ್ತಿಕೊಂಡಿದ್ದರು, ಅವರ ಹೆಗಲು ಅಲುಗುತ್ತಿತ್ತು. ಸಾಹೇಬರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಆ ಕಡೆ ತಿರುಗಿದರು.

ಆಗ ಮಾವ ರಸ್ತೆ ದಾಟಿ ಬಂದರು. ನನ್ನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದರು. ಚಂದ್ರಿಯ ಹಣೆಗೆ ತಮ್ಮ ಹಣೆ ಇಟ್ಟರು. ಆಮೇಲೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ, "ಬರಲ್ಲ ಕಣೇ ಅವ್ಳು. ನಂಗೂ ಗೊತ್ತಿತ್ತು. ನಿಂಗೆ ಹೇಳಿರ್ಲಿಲ್ಲ. ನಡಿ, ನಾವಿಬ್ರೂ ಹೋಗಾನ" ಎಂದರು. ಹೇಳಿ ತಿರುಗಿ ನಡೆಯತೊಡಗಿದರು. ಹಗ್ಗ ಹಿಡಿಯಲಿಲ್ಲ, ಕರೆಯಲೂ ಇಲ್ಲ.

ಚಂದ್ರಿ ಗೇಟಿನ ಕಡೆ ಒಂದು ಸಲ ನೋಡಿದಳು. ಜೋರಾಗಿ ಉಸಿರು ಬಿಟ್ಟಳು. ಆಮೇಲೆ ಮಾವನ ಹಿಂದೆ ಹೆಜ್ಜೆ ಹಾಕಿದಳು.

ಮಾವ ಮುಂದೆ, ಅವರ ಹೆಗಲ ಹತ್ತಿರ ಮೂತಿ ಇಟ್ಟುಕೊಂಡು ಚಂದ್ರಿ, ಪಕ್ಕದಲ್ಲಿ ಲಗಾಮು ಸಡಿಲ ಬಿಟ್ಟು ನಡೆಯುತ್ತಿದ್ದ ಯಜಮಾನರು, ಹಿಂದೆ ಬಕೆಟ್ ಹಿಡಿದ ನಾನು. ಹೀಗೆ ನಾಲ್ಕೂ ಜನ ತೋಟದ ಗೇಟು ದಾಟಿದೆವು. ಎಲ್ಲರಿಗಿಂತ ಕೊನೆಗೆ ಬಂದರೂ ಹೊತ್ತು ಮೀರಿರಲಿಲ್ಲ. ಡಾಕ್ಟರಮ್ಮ ಕೊಳವೆ ಇಟ್ಟು ಕೇಳುವಾಗ ನಾನು ಕಣ್ಣು ಮುಚ್ಚಿಕೊಂಡೆ. "ಮೊದಲಿಗಿಂತ ಶಾಂತವಾಗಿದೆ" ಎಂದರು. ಆ ಹೊತ್ತಿಗೆ ನಮ್ಮ ಮೂವರ ಎದೆಗೆ ಕೊಳವೆ ಇಟ್ಟಿದ್ದರೆ ಮೂವರನ್ನೂ ಹೊರಗೆ ಹಾಕುತ್ತಿದ್ದರು.

ಸಾಹೇಬರು ಕೊಟ್ಟ ಮಾತಿನಂತೆ ಹಗ್ಗಕ್ಕೆ ಕೈ ಚಾಚಿದರು. ಅಷ್ಟರಲ್ಲಾಗಲೇ ಹಗ್ಗ ಕೈಗೆ ತೆಗೆದುಕೊಂಡಿದ್ದ ಮಾವ ಅದನ್ನು ಬಿಡಲಿಲ್ಲ.

"ತಪ್ಪು ತಿಳ್ಕೋಬೇಡಿ ಸಾಹೇಬ್ರೆ. ಇದನ್ನ ಮನೆಗೆ ಕರ್ಕೊಂಡೋಗ್ತೀನಿ."

"ಅಯ್ಯೋ ಅಪ್ಪಾ!" ಎಂದರು ಯಜಮಾನರು, ಕಾಲು ಅಗಲಿಸಿಕೊಂಡು ಕುಂಟುತ್ತಾ ಬಂದು. "ಹಂಗಾದ್ರೆ ನಾನ್ಯಾಕೆ ಇಷ್ಟು ದಿನ ಬೆನ್ನು ಮುರ್ಕೊಂಡೆ?"

"ನನ್ನ ಕೇಳ್ಬೇಡ, ನಂಗೊತ್ತಿಲ್ಲ" ಎಂದರು ಮಾವ. ಸಾಹೇಬರು ಜೋರಾಗಿ ನಕ್ಕು ಮಾವನ ಹೆಗಲು ತಟ್ಟಿದರು. ಕಾಫಿ ಕುಡಿದು ಹೋಗಿ ಎಂದರು. ನಾವು ಕುಡಿಯದೆ ಮನೆಗೆ ಬಂದೆವು.

ಮಾರನೇ ದಿನ ಎದ್ದಾಗ ಹಿತ್ತಲಲ್ಲಿ ಕೋಳಿಗಳ ಗಲಾಟೆ. ಮಾವ ಟಾರ್ಪಾಲು ತೆಗೆದು ಜಟಕಾದ ಗಾಲಿಗೆ ಎಣ್ಣೆ ಬಿಡುತ್ತಿದ್ದರು. ಆಮೇಲೆ ಐದಾರು ವರ್ಷ ಆ ಜಟಕಾ ಓಡಿತು. ಜನಕ್ಕಿಂತ ಹಿಪ್ಪುನೇರಳೆ ಸೊಪ್ಪಿನ ಹೊರೆಗಳನ್ನೇ ಹೆಚ್ಚು ಹೊತ್ತಿತು. ನಾನು ಎಷ್ಟೋ ಸಲ ಅದರಲ್ಲಿ ಕೂತು ಹೋಗಿದ್ದೇನೆ. ಚಂದ್ರಿ ಆ ಗೇಟಿನ ಮುಂದೆ ನಿಲ್ಲುವುದನ್ನು ಬಿಡಲೇ ಇಲ್ಲ. ಆದರೆ ಮಾವ ತಿರುಗಿಸಿಕೊಂಡು ಓಡುತ್ತಿರಲಿಲ್ಲ. ಬೀಡಿ ಹಚ್ಚಿಕೊಂಡು ಅವರೂ ಗೇಟಿನ ಕಡೆ ನೋಡುತ್ತಾ ಕೂರುತ್ತಿದ್ದರು. ಬೀಡಿ ಮುಗಿದ ಮೇಲೆ, "ಸರಿ ಬಿಡು, ಹೋಗಾನ" ಎನ್ನುತ್ತಿದ್ದರು. ಅವಳು ಹೊರಡುತ್ತಿದ್ದಳು.

ಆವತ್ತು ಚಂದ್ರಿ ನಡೆದದ್ದು ಯಾತಕ್ಕೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಬೈಗುಳಕ್ಕೋ, ಮಾವನ ಮಾತಿಗೋ, ಇಲ್ಲ ನಿಂತು ನಿಂತು ಸಾಕಾಗಿಯೋ. ಯಜಮಾನರನ್ನು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಾರೆ. ಈಗ ಮಾವನೂ ಇಲ್ಲ, ಚಂದ್ರಿಯೂ ಇಲ್ಲ. ರಸ್ತೆ ಅಗಲವಾಗಿದೆ. ಚಕ್ಕೋತದ ತೋಟವಿದ್ದ ಕಡೆ ಕಾಂಪೌಂಡು ಎದ್ದಿದೆ. ಮಗನ ಕಾರಿನಲ್ಲಿ ಆ ದಾರಿಯಲ್ಲಿ ಹೋಗುವಾಗ ನನ್ನ ಬಾಯಿಂದ ತಾನಾಗಿಯೇ ಮಾತು ಬರುತ್ತದೆ.

"ಇಲ್ಲೊಂಚೂರು ನಿಲ್ಸಪ್ಪಾ."

"ಯಾಕಮ್ಮಾ, ಯಾರಾದ್ರೂ ಹತ್ಬೇಕಾ?" ಎನ್ನುತ್ತಾನೆ.

ನಾನು ಆ ಕಾಂಪೌಂಡಿನ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತಿರುತ್ತೇನೆ. ಆಮೇಲೆ, "ಯಾರೂ ಇಲ್ಲ, ನಡಿ" ಎನ್ನುತ್ತೇನೆ.